ಬಿಸಿ ನಿಜವೋ, ತಂತಿಯ ಸುಳ್ಳೋ?

‘ಅಣ್ಣ, ಗಾಡಿ ಭಾಳ ಹೀಟ್ ತೋರಸಾಕತ್ತೈತಿ. ಸೆನ್ಸರ್ ಹೋಗಿರಬೇಕು, ಬರೋವಾಗ ಹೊಸದೊಂದು ತಗೊಂಡೇ ಬಾ.’

ಸಂಡೂರು, ಹೊಸಪೇಟೆ ಕಡೆಯ ಗಣಿಗಳಲ್ಲಿ ಎಕ್ಸ್‌ಕವೇಟರ್ ರಿಪೇರಿ ಮಾಡುವ ಎಲೆಕ್ಟ್ರಿಷಿಯನ್‌ಗಳಿಗೆ ಬರುವ ಫೋನು ಹೆಚ್ಚಾಗಿ ಹೀಗೇ ಇರುತ್ತದೆ. ರೋಗ ಯಾವುದು, ಮದ್ದು ಯಾವುದು ಎಂಬುದನ್ನು ಆಪರೇಟರೇ ಹೇಳಿ ಮುಗಿಸಿರುತ್ತಾನೆ. ಕಸುಬು ಬಲ್ಲವನು ಎರಡನ್ನೂ ನಂಬುವುದಿಲ್ಲ. ಹೊಸ ಸೆನ್ಸರ್ ಇರಲಿ ಬಿಡಲಿ, ಮಲ್ಟಿಮೀಟರ್ ಮಾತ್ರ ಮರೆಯದೆ ಹೊರಡುತ್ತಾನೆ.

ದೊಡ್ಡ ಯಂತ್ರಗಳ ತಯಾರಿಕೆ ಕರ್ನಾಟಕಕ್ಕೆ ಹೊಸದಲ್ಲ. 1964ರಲ್ಲಿ ಶುರುವಾದ ಬಿಇಎಂಎಲ್ ಕೆಜಿಎಫ್‌ನಲ್ಲಿ ಡೋಜರ್, ಎಕ್ಸ್‌ಕವೇಟರ್ ಕಟ್ಟುತ್ತದೆ. ಧಾರವಾಡದಲ್ಲಿ ಟಾಟಾ ಹಿಟಾಚಿ ಇದೆ, ಬೆಂಗಳೂರಿನಲ್ಲಿ ವೋಲ್ವೋ ಇದೆ. ಯಾರು ಮಾಡಿದರೂ ನಮ್ಮ ಜನ ಕರೆಯುವುದು ‘ಜೆಸಿಬಿ’ ಎಂದೇ, ಅದು ಬೇರೆ ಮಾತು. ಯಂತ್ರ ಕಟ್ಟುವವರ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಅದು ಗುಡ್ಡದ ಮೇಲೆ ಕೆಟ್ಟು ನಿಂತಾಗ ಬಿಸಿಲಲ್ಲಿ ಬಾನೆಟ್ ಎತ್ತುವವರ ಬಗ್ಗೆ ಬರುವುದು ಕಡಿಮೆ.

ಈಗಿನ ಎಕ್ಸ್‌ಕವೇಟರ್‌ನಲ್ಲಿ ಶಾಖ ಅಳೆಯುವ ಸೆನ್ಸರ್ ಒಂದಲ್ಲ, ಹಲವು. ಕೂಲೆಂಟ್‌ಗೆ ಒಂದು, ಹೈಡ್ರಾಲಿಕ್ ಆಯಿಲ್‌ಗೆ ಒಂದು, ಇಂಜಿನ್ ಎಳೆದುಕೊಳ್ಳುವ ಗಾಳಿಗೆ ಒಂದು, ಡೀಸೆಲ್‌ಗೆ ಒಂದು. ಗಾಲಿ ಯಂತ್ರಗಳಿಗೆ 2021ರ ಏಪ್ರಿಲ್‌ನಿಂದ ಹೊಗೆ ನಿಯಮ ಬಿಗಿಯಾದ ಮೇಲೆ ಸೈಲೆನ್ಸರ್ ಕಡೆಗೂ ಸೆನ್ಸರ್‌ಗಳು ಬಂದವು. ಕೂಲೆಂಟ್ ಸೆನ್ಸರ್ ಎಂದರೆ ಹಿತ್ತಾಳೆಯ ಬೋಲ್ಟಿನೊಳಗೆ ಕೂತ ಥರ್ಮಿಸ್ಟರ್ ಎಂಬ ಸಣ್ಣ ಮಣಿ. ಬಿಸಿ ಏರಿದಂತೆ ಅದರ ವಿದ್ಯುತ್ ರೋಧ ಇಳಿಯುತ್ತದೆ. ಸಿಲ್ವರ್ ಸಲ್ಫೈಡ್‌ನಲ್ಲಿ ಈ ತಿರುವುಮುರುವು ಗುಣವನ್ನು ಮೈಕೆಲ್ ಫ್ಯಾರಡೆ 1833ರಲ್ಲೇ ಗುರುತಿಸಿದ್ದ. ಯಂತ್ರದ ಕಂಪ್ಯೂಟರ್, ಅಂದರೆ ಇಸಿಯು, ತನ್ನೊಳಗಿನ ಒಂದು ರೆಸಿಸ್ಟರ್ ಮೂಲಕ ಈ ತಂತಿಗೆ 5 ವೋಲ್ಟ್ ಕೊಟ್ಟು, ಸೆನ್ಸರ್ ಎಷ್ಟನ್ನು ಉಳಿಸಿದೆ ಎಂದು ನೋಡಿ ಡಿಗ್ರಿ ಲೆಕ್ಕ ಹಾಕುತ್ತದೆ.

ಎಡವಟ್ಟು ಇಲ್ಲೇ. ತಂತಿ ತುಂಡಾದರೆ 5 ವೋಲ್ಟ್ ಹಾಗೇ ಉಳಿಯುತ್ತದೆ, ಇಸಿಯು ಅದನ್ನು ಕೊರೆಯುವ ಚಳಿ ಎಂದು ಓದುತ್ತದೆ. ಬಳ್ಳಾರಿಯ ಮೇ ತಿಂಗಳಲ್ಲಿ ಪರದೆಯ ಮೇಲೆ ಮೈನಸ್ 40 ಕಂಡರೆ ಕಾರಣ ಇದೇ. ತಂತಿ ಬಾಡಿಗೆ ತಾಗಿ ಶಾರ್ಟ್ ಆದರೆ ವೋಲ್ಟೇಜ್ ಸೊನ್ನೆಗಿಳಿದು ಇಂಜಿನ್ ಉರಿಯುತ್ತಿದೆ ಎಂಬ ಲೆಕ್ಕ ಬರುತ್ತದೆ. ಎಷ್ಟೋ ಯಂತ್ರಗಳು ಇಂಥ ಹೊತ್ತಿನಲ್ಲಿ ಫ್ಯಾನನ್ನು ಪೂರ್ತಿ ತಿರುಗಿಸಿ ಇಂಜಿನ್ ಶಕ್ತಿ ತಗ್ಗಿಸುತ್ತವೆ. ‘ಗಾಡಿ ಎಳೀತಿಲ್ಲ’ ಎಂಬ ದೂರು ಬಂದದ್ದೇ ಪಂಪಿಗೆ ಕೈ ಹಾಕುವವರಿದ್ದಾರೆ. ತಪ್ಪು ಎರಡೆಳೆ ತಂತಿಯದು, ಬಿಚ್ಚಿ ಹರಡುವುದು ಲಕ್ಷಾಂತರ ರೂಪಾಯಿಯ ಪಂಪು!

ಮೊದಲು ಕೋಡ್ ಓದಬೇಕು. ಜೆ1939 ಎಂಬ ಸಾಮಾನ್ಯ ಭಾಷೆಯಲ್ಲಿ ಮಾತಾಡುವ ಇಂಜಿನ್‌ಗಳಲ್ಲಿ 110 ಎಂದರೆ ಕೂಲೆಂಟ್ ತಾಪಮಾನ. ಅದರ ಪಕ್ಕ 3 ಬಂದರೆ ವೋಲ್ಟೇಜ್ ಮಿತಿಗಿಂತ ಮೇಲೆ, 4 ಬಂದರೆ ಕೆಳಗೆ. ಎರಡೂ ವೈರಿಂಗ್ ಅಥವಾ ಸೆನ್ಸರ್ ಕಡೆಗೆ ಬೆರಳು ತೋರಿಸುತ್ತವೆ. 0 ಬಂದರೆ ಅಳತೆ ಸರಿಯಾಗಿಯೇ ಬಂದಿದೆ, ಇಂಜಿನ್ನೇ ಕಾದಿದೆ ಎಂದರ್ಥ. ಆಗ ನೋಡಬೇಕಾದ್ದು ಧೂಳು ಕಟ್ಟಿದ ರೇಡಿಯೇಟರ್, ಸಡಿಲಾದ ಬೆಲ್ಟ್, ಅಂಟಿಕೊಂಡ ಥರ್ಮೋಸ್ಟಾಟ್. ಈ ಒಂದಂಕಿಯನ್ನು ಓದದೆ ಸೆನ್ಸರ್ ಬದಲಿಸುವುದನ್ನು ರಿಪೇರಿ ಎನ್ನಲು ನನಗಂತೂ ಮನಸ್ಸಾಗುವುದಿಲ್ಲ.

ಆಮೇಲಿನ ಪರೀಕ್ಷೆ ಬಲು ಸರಳ. ಸೆನ್ಸರಿನ ಕಪ್ಲರ್ ಬಿಚ್ಚಿ ಪರದೆ ನೋಡಬೇಕು. ಓದು ತೀರಾ ಚಳಿಗೆ ಹಾರಬೇಕು. ಬಳಿಕ ವೈರಿಂಗ್ ಕಡೆಯ ಎರಡು ಪಿನ್‌ಗಳನ್ನು ಒಂದು ತುಂಡು ತಂತಿಯಿಂದ ಸೇರಿಸಿದರೆ ಓದು ತೀರಾ ಬಿಸಿಗೆ ಏರಬೇಕು. ಎರಡೂ ಆದರೆ ತಂತಿ, ಇಸಿಯು ಎರಡೂ ನೆಟ್ಟಗಿವೆ, ಸೆನ್ಸರ್ ಮೇಲಿನ ಅನುಮಾನ ಗಟ್ಟಿ. ಇದು ಎರಡು ತಂತಿಯ ಸೆನ್ಸರಿಗೆ ಮಾತ್ರ. ಮೂರು ತಂತಿಯ ಕಪ್ಲರ್‌ನಲ್ಲಿ ಇದೇ ಆಟ ಆಡಿದರೆ ಇಸಿಯುವಿನ 5 ವೋಲ್ಟ್ ಸರಬರಾಜನ್ನೇ ನೆಲಕ್ಕೆ ಶಾರ್ಟ್ ಮಾಡಿದಂತಾದೀತು.

ಅನುಮಾನ ಗಟ್ಟಿಯಾಯಿತು, ಇನ್ನು ಸಾಕ್ಷಿ ಬೇಕು. ಸೆನ್ಸರ್ ಬಿಚ್ಚಿ, ಸ್ಟೀಲ್ ಪಾತ್ರೆಯ ನೀರಿನಲ್ಲಿ ಅದರ ಮೂತಿಯನ್ನಷ್ಟೇ ಅದ್ದಿ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಒಲೆ ಹಚ್ಚುತ್ತಾರೆ. ಬಹಳ ಕಡೆ ಕಾಣುವ ಒಂದು ಬಗೆಯ ಸೆನ್ಸರ್ 20 ಡಿಗ್ರಿಯಲ್ಲಿ ಸುಮಾರು 2,500 ಓಮ್ ತೋರಿಸುತ್ತದೆ, 40ರಲ್ಲಿ 1,200ರ ಆಸುಪಾಸು, 60ರಲ್ಲಿ 600, 80ರಲ್ಲಿ 320, ಕುದಿಯುವಾಗ 190ರ ಹತ್ತಿರ. ಬೇರೆ ಮಾದರಿಗೆ ಬೇರೆ ಅಂಕಿ, ಮ್ಯಾನುಯಲ್ ನೋಡಬೇಕು. ಅಂಕಿ ಜಾರುಬಂಡೆಯಂತೆ ನಯವಾಗಿ ಇಳಿಯಬೇಕು. ನಡುವೆ ಎಲ್ಲಾದರೂ ಜಿಗಿದರೆ, ನಿಂತರೆ, ಆ ಸೆನ್ಸರನ್ನು ಎಸೆಯಬಹುದು.

ಆದರೆ ಗಣಿಯಲ್ಲಿ ಎಷ್ಟೋ ಸಲ ಸೆನ್ಸರ್ ನಿರಪರಾಧಿ. ದಿನವಿಡೀ ಬಂಡೆ ಕುಟ್ಟುವ ಯಂತ್ರದ ನಡುಕಕ್ಕೆ ತಂತಿ ಕ್ಲಿಪ್ಪಿನ ಬಳಿ ಉಜ್ಜಿ ಸವೆದಿರುತ್ತದೆ. ಪ್ರೆಷರ್ ಪಂಪಿನಲ್ಲಿ ತೊಳೆದ ನೀರು ಕಪ್ಲರ್ ಒಳಗೆ ಕೂತು ಪಿನ್ ಹಸಿರುಗಟ್ಟಿರುತ್ತದೆ. ಅದಕ್ಕೇ ಪರದೆ ನೋಡುತ್ತಾ ವೈರಿಂಗನ್ನು ಗೇಣುಗೇಣಾಗಿ ಅಲ್ಲಾಡಿಸುತ್ತಾರೆ. ಅಂಕಿ ನೆಗೆದ ಜಾಗದಲ್ಲೇ ಕಳ್ಳ ಸಿಕ್ಕ. ಹೊರಗಿನಿಂದ ತಾಳೆ ನೋಡಲು ಇನ್‌ಫ್ರಾರೆಡ್ ಗನ್ ಕೂಡ ಬಂದಿದೆ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದೂ ಕಡಿಮೆ ಹೇಳುತ್ತದೆ, ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಗುರಿಯಿಡಬೇಕು.

ಎಲ್ಲಕ್ಕಿಂತ ಅಪಾಯಕಾರಿಯಾದದ್ದು ಸುಳ್ಳು ಬಿಸಿಯಲ್ಲ, ಸುಳ್ಳು ತಂಪು. ಹೋಸ್ ಒಡೆದು ಕೂಲೆಂಟ್ ಸೋರಿ, ಮಟ್ಟ ಸೆನ್ಸರಿಗಿಂತ ಕೆಳಗಿಳಿದರೆ ಅದು ಬರೀ ಗಾಳಿಯಲ್ಲಿ ನೇತಾಡುತ್ತದೆ. ಒಳಗೆ ಹೆಡ್ ಕಾದು ಸೊಟ್ಟಗಾಗುತ್ತಿದ್ದರೂ ಮುಳ್ಳು ಸಮಾಧಾನವಾಗಿ ನಿಂತಿರಬಹುದು. ಸೆನ್ಸರ್ ಕೆಟ್ಟಿಲ್ಲ, ಕೋಡ್ ಬಂದಿಲ್ಲ, ಇಂಜಿನ್ ಮಾತ್ರ ಹೋಯಿತು. ಕೂಲೆಂಟ್ ಮಟ್ಟಕ್ಕೆ ಬೇರೆ ಸೆನ್ಸರ್ ಇರುವ ಯಂತ್ರಗಳಲ್ಲಿ ಈ ಭಯ ಕಡಿಮೆ. ಉಳಿದವುಗಳಲ್ಲಿ ಬೆಳಗ್ಗೆ, ಇಂಜಿನ್ ತಣ್ಣಗಿದ್ದಾಗ ಮಟ್ಟ ನೋಡುವ ಅಭ್ಯಾಸವೇ ಗತಿ.

ಗಾಡಿ ಇಟ್ಟವರು, ಓಡಿಸುವವರು ಇನ್ನೊಂದು ಕೆಲಸವನ್ನೂ ಮಾಡಬಹುದು. ರಾತ್ರಿಯಿಡೀ ನಿಂತ ಯಂತ್ರದಲ್ಲಿ ಇಂಜಿನ್ ಶುರು ಮಾಡುವ ಮುನ್ನ ಕೀಲಿ ಮಾತ್ರ ತಿರುಗಿಸಿ ಕೂಲೆಂಟ್, ಆಯಿಲ್, ಗಾಳಿಯ ತಾಪಮಾನ ನೋಡಿ. ಎಲ್ಲವೂ ಅಂದಿನ ಹವೆಯ ಆಸುಪಾಸಿನಲ್ಲೇ ಇರಬೇಕು. ಒಂದು ಮಾತ್ರ ಹದಿನೈದಿಪ್ಪತ್ತು ಡಿಗ್ರಿ ಅತ್ತಿತ್ತ ಇದ್ದರೆ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ, ‘ಸೆನ್ಸರ್ ಹೋಗಿದೆ’ ಎನ್ನುವ ಬದಲು ಆ ಅಂಕಿಗಳನ್ನು ಓದಿ ಹೇಳಿ.