ಭಾವಚಿತ್ರಕ್ಕೆ ರೇಖೆಯೇ ತಳಹದಿ

ಚಿತ್ರಕಲೆಯನ್ನು ಅಭ್ಯಸಿಸುವ ವಿದ್ಯಾರ್ಥಿಗಳು ಬಹುಬೇಗ ಬಣ್ಣದ ಮೋಹಕ್ಕೆ ಒಳಗಾಗುವುದುಂಟು. ಆದರೆ ರೇಖೆ ತಪ್ಪಿದ ಮುಖವನ್ನು ಎಷ್ಟು ಬಣ್ಣ ಬಳಿದರೂ ಸರಿಪಡಿಸಲಾಗದು. ನೋಡಿದವರು ‘ಇವರು ಯಾರು?’ ಎಂದು ಕೇಳುವ ಪ್ರಸಂಗ ತಪ್ಪದು. ನಮ್ಮ ಪ್ರಾಚೀನರು ಹೇಳಿದ ಚಿತ್ರದ ಷಡಂಗಗಳಲ್ಲಿ ರೂಪಭೇದ, ಪ್ರಮಾಣಗಳು ಮೊದಲು. ಬಣ್ಣಕ್ಕೆ ಸಂಬಂಧಿಸಿದ ವರ್ಣಿಕಾಭಂಗ ಕಡೆಯದು. ಅಭ್ಯಾಸಕ್ಕೂ ಇದೇ ಕ್ರಮ ಯೋಗ್ಯವಾದುದು.

ಪ್ರಮಾಣವನ್ನು ಅರಿಯುವುದು ಹೇಗೆ? ವಯಸ್ಕರ ತಲೆಯಲ್ಲಿ ಕಣ್ಣುಗಳು ನೆತ್ತಿಗೂ ಗದ್ದಕ್ಕೂ ಸುಮಾರು ನಟ್ಟನಡುವೆ ಇರುತ್ತವೆ. ಹೊಸಬರು ನೆತ್ತಿಯ ಭಾಗವನ್ನು ಮರೆತು ಕಣ್ಣುಗಳನ್ನು ತೀರ ಮೇಲೆ ಬರೆದುಬಿಡುತ್ತಾರೆ. ಎರಡು ಕಣ್ಣುಗಳ ನಡುವೆ ಸುಮಾರು ಒಂದು ಕಣ್ಣಿನಷ್ಟು ಅಂತರವಿರುತ್ತದೆ. ಇದು ಸಾಮಾನ್ಯ ಅಳತೆ. ಎದುರಿಗೆ ಕುಳಿತವರ ಮುಖ ಈ ಅಳತೆಗಿಂತ ಎಲ್ಲಿ, ಎಷ್ಟು ಭಿನ್ನವಾಗಿದೆಯೋ ಅಲ್ಲಿಯೇ ಅವರ ಹೋಲಿಕೆ ಅಡಗಿದೆ. ಆದುದರಿಂದ ತೋಳನ್ನು ನೀಳವಾಗಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ಲಿನಿಂದ ಅಳೆದು ನೋಡಬೇಕು. ಬಳಿಕವೇ ನೆರಳು-ಬೆಳಕು.

ಜರ್ಮನಿಯ ಶ್ರೇಷ್ಠ ಕಲಾವಿದ ಹಾನ್ಸ್ ಹೋಲ್ಬೈನ್ (ನಿಧನ 1543) ಕೂಡ ಇಂಗ್ಲೆಂಡಿನ ರಾಜಸಭೆಯವರ ಭಾವಚಿತ್ರಗಳಿಗಾಗಿ ಮೊದಲು ಸೀಮೆಸುಣ್ಣದಲ್ಲಿ ರೇಖಾಚಿತ್ರಗಳನ್ನು ಬರೆದುಕೊಳ್ಳುತ್ತಿದ್ದನು. ಅವುಗಳಲ್ಲಿ ಹಲವು ವಿಂಡ್ಸರ್ ಕೋಟೆಯ ಸಂಗ್ರಹದಲ್ಲಿ ಇಂದಿಗೂ ಉಳಿದಿವೆ.

ದಿನಕ್ಕೊಂದು ಮುಖವನ್ನು ರೇಖೆಯಲ್ಲಿ ಬರೆಯುವುದನ್ನೇ ಕಾಯಕವೆಂದು ಕೈಗೊಂಡವನಿಗೆ ಬಣ್ಣ ತಾನಾಗಿ ಒಲಿದೀತು.