ಮೆತ್ತನೆಯ ಆಟಿಕೆಯೊಳಗೆ ಎಷ್ಟು ಎಣ್ಣೆ?

ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಅದನ್ನು ಎಲ್ಲರೂ ‘ಆಯಿಲ್’ ಎನ್ನುತ್ತಿದ್ದೆವು. ಡ್ರಮ್ಮಿನ ಮೇಲೆ ‘ಡಿಓಪಿ’ ಎಂದಿರುತ್ತಿತ್ತು. ಬಣ್ಣವಿಲ್ಲದ, ಅಷ್ಟಾಗಿ ವಾಸನೆಯೂ ಇಲ್ಲದ ಜಿಡ್ಡು ದ್ರವ. ರಸಾಯನ ಶಾಸ್ತ್ರದವರು ಡಿಇಎಚ್‌ಪಿ ಎನ್ನುವುದೂ ಇದನ್ನೇ. ಥ್ಯಾಲೇಟ್ ಎಂಬ ದೊಡ್ಡ ಕುಟುಂಬದ ಸದಸ್ಯ.

ಪಿವಿಸಿ ಬರುವುದು ಬಿಳಿ ಪುಡಿಯಾಗಿ. ಆಯಿಲ್ ಸೇರಿಸದೆ ಅಚ್ಚಿಗೆ ಹಾಕಿದರೆ ನೀರಿನ ಪೈಪು ಸಿಗುತ್ತದೆ, ಗಡುಸು. ಬಿಸಿ ಮಿಕ್ಸರಿನಲ್ಲಿ ಆಯಿಲ್ ಬಿಟ್ಟರೆ ಪುಡಿ ಅದನ್ನೆಲ್ಲ ಹೀರಿಕೊಂಡು ಮತ್ತೆ ಉದುರುದುರಾಗುತ್ತದೆ. 100 ಕೆಜಿ ಪುಡಿಗೆ 50 ಕೆಜಿ ಆಯಿಲ್ ಹಾಕುವುದು ಮಾಮೂಲಿ. ಹೋಸ್ ಪೈಪು, ವೈರಿನ ಹೊದಿಕೆ, ರೆಕ್ಸಿನ್, ಚಪ್ಪಲಿ ಎಲ್ಲ ಮೆತ್ತಗಾಗುವುದು ಹೀಗೆಯೇ. ಒತ್ತಿದರೆ ಕೀಂಯ್ ಎನ್ನುವ ಬಾತುಕೋಳಿಯೂ ಅಷ್ಟೇ.

ಪುಡಿಗೂ ಆಯಿಲಿಗೂ ರಾಸಾಯನಿಕ ಬಂಧವಿಲ್ಲ. ಕಣಕಕ್ಕೆ ಎಣ್ಣೆ ಹಾಕಿ ನಾದಿದ ಹಾಗೆ ಬೆರೆತಿರುತ್ತವೆ, ಅಷ್ಟೇ. ಹಳೆಯ ರೆಕ್ಸಿನ್ ಸೀಟು ಬಿರುಕು ಬಿಡಲು ಒಂದು ಕಾರಣ, ಒಳಗಿನ ಆಯಿಲ್ ಮೆಲ್ಲಗೆ ಹೊರಟುಹೋಗುವುದು. ಮಗು ಕಚ್ಚಿ ಚೀಪಿದರೆ ಅದು ಜೊಲ್ಲಿನ ಜೊತೆ ಹೊಟ್ಟೆಗೆ ಇಳಿಯುತ್ತದೆ. ದೇಹ ಇದನ್ನು ಒಂದೆರಡು ದಿನದಲ್ಲಿ ಮೂತ್ರದಲ್ಲಿ ಹೊರಹಾಕುತ್ತದೆ ನಿಜ, ಆದರೆ ಎಳೆಮಗು ದಿನವೂ ಚೀಪುತ್ತದಲ್ಲ! ಬಸಿರಿ ಇಲಿಗಳಿಗೆ ಕೆಲವು ಥ್ಯಾಲೇಟ್‌ಗಳನ್ನು ಕೊಟ್ಟು ನೋಡಿದಾಗ ಗಂಡುಮರಿಗಳಲ್ಲಿ ಟೆಸ್ಟೋಸ್ಟೆರಾನ್ ಕುಗ್ಗಿ, ಜನನಾಂಗದ ಬೆಳವಣಿಗೆ ಕೆಟ್ಟಿತ್ತು. ಸರ್ಕಾರಗಳು ಎಚ್ಚೆತ್ತದ್ದಕ್ಕೆ ಇಂಥ ಪರೀಕ್ಷೆಗಳೂ ಕಾರಣ.

ಮೂರು ವರ್ಷದೊಳಗಿನ ಮಕ್ಕಳು ಬಾಯಿಗಿಡುವ, ಕೆಲವು ಥ್ಯಾಲೇಟ್‌ಗಳಿರುವ ಆಟಿಕೆಗಳಿಗೆ ಯುರೋಪು 1999ರ ಡಿಸೆಂಬರಿನಲ್ಲಿ ತಾತ್ಕಾಲಿಕ ನಿಷೇಧ ಹೇರಿತು, 2005ರಲ್ಲಿ ಕಾಯಂ ಕಾನೂನು ತಂದಿತು. ಅಮೆರಿಕ 2008ರಲ್ಲಿ ಕಾನೂನು ಮಾಡಿತು. ಎರಡೂ ಕಡೆ ಮಿತಿ ಶೇ. 0.1.

ಈ ಅಂಕಿಯನ್ನು ನಮ್ಮ ಮಿಕ್ಸರಿನ ಲೆಕ್ಕಕ್ಕೆ ಇಟ್ಟು ನೋಡಿ. ನೂರು ಗ್ರಾಂ ಬಾತುಕೋಳಿಯಲ್ಲಿ ಆಯಿಲ್ಲೇ ಸುಮಾರು 33 ಗ್ರಾಂ. ಕಾನೂನು ಒಪ್ಪುವುದು 0.1 ಗ್ರಾಂ. ಅಷ್ಟು ಹಾಕಿದರೆ ಏನೂ ಮೆತ್ತಗಾಗುವುದಿಲ್ಲ. ಅಂದರೆ ಶೇ. 0.1 ಎಂಬುದು ‘ಇಷ್ಟು ಹಾಕಿ’ ಎನ್ನುವ ಅನುಮತಿಯಲ್ಲ, ‘ಹಾಕಲೇಬೇಡಿ’ ಎನ್ನುವ ಮಾತು. ಸಿಟ್ರೇಟ್, ಡಿಓಟಿಪಿ ಮುಂತಾದ ಬೇರೆ ಮೃದುಕಾರಿಗಳಿವೆ. ಅವನ್ನು ಬಳಸುವವರಲ್ಲೂ ಕೆಲವೊಮ್ಮೆ ಥ್ಯಾಲೇಟ್ ನುಸುಳುತ್ತದೆ: ಹಳೇ ವೈರು, ಚಪ್ಪಲಿ ಪುಡಿಮಾಡಿದ ಸ್ಕ್ರ್ಯಾಪ್ ಅಗ್ಗ. ಅದನ್ನು ಬೆರೆಸಿದರೆ ಅದರೊಳಗಿನ ಡಿಓಪಿಯೂ ಬಂತು.

ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2010ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ನಮ್ಮ ಮಾರುಕಟ್ಟೆಯ 24 ಆಟಿಕೆಗಳ ಪೈಕಿ ಅರ್ಧದ ಹತ್ತಿರ ಹತ್ತಿರ ಅಂತಾರಾಷ್ಟ್ರೀಯ ಮಿತಿ ದಾಟಿದ್ದವು. 2021ರ ಜನವರಿ 1ರಿಂದ ನಮ್ಮಲ್ಲೂ ಆಟಿಕೆಗೆ ಐಎಸ್‌ಐ ಮುದ್ರೆ ಕಡ್ಡಾಯ. ಐಎಸ್ 9873 ಮಾನದಂಡದ 9ನೇ ಭಾಗ ಇರುವುದೇ ಥ್ಯಾಲೇಟ್‌ಗಳಿಗೆ.

ಪುಟ್ಟ ಮಕ್ಕಳಿರುವ ನನ್ನ ಮಗಳು ಫೋನಿನಲ್ಲಿ ಕೇಳಿದಳು, “ಅಪ್ಪ, ಬಿಸಿನೀರಲ್ಲಿ ಕುದಿಸಿದ್ರೆ ಹೋಗಲ್ವಾ?”

“ಹೋಗಲ್ಲಮ್ಮ. ಬಿಸಿಗೆ ಇನ್ನಷ್ಟು ಮೇಲಕ್ಕೆ ಬರುತ್ತೆ.”

ಮೂಸಿ, ಹಿಚುಕಿ ನೋಡಿದರೂ ಗೊತ್ತಾಗದು. ಆಯಿಲ್‌ಗಳಲ್ಲಿ ಯಾವುದು ಯಾವುದೆಂದು ಹೇಳಬಲ್ಲದ್ದು ಲ್ಯಾಬಿನ ಯಂತ್ರ ಮಾತ್ರ. ಅದಕ್ಕೇ ಮುದ್ರೆ ನೋಡು ಎಂದೆ. ಅದರ ಕೆಳಗಿನ ಸಿಎಂ/ಎಲ್ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಹಾಕಿದರೆ ತಯಾರಕರ ಹೆಸರು ಬರಬೇಕು. ಭೌಗೋಳಿಕ ಸೂಚಿಯ ಅಧಿಕೃತ ಬಳಕೆದಾರರು ಮಾಡಿದ ಚನ್ನಪಟ್ಟಣದ ಗೊಂಬೆಗೆ ಈ ಮುದ್ರೆಯಿಂದ ವಿನಾಯಿತಿ ಇದೆ. ಮರಕ್ಕೆ ಅರಗು ಹಚ್ಚಿದ ಅದಕ್ಕೆ ಮೆತ್ತಗಾಗಿಸುವ ಆಯಿಲ್ ಬೇಕೂ ಇಲ್ಲ. ಜೋಡಿಸುವ ಗಟ್ಟಿ ಪ್ಲಾಸ್ಟಿಕ್ ಬ್ಲಾಕುಗಳಿಗೂ ಸಾಮಾನ್ಯವಾಗಿ ಬೇಡ.

ಅವಳ ಮನೆಯಲ್ಲಿ ಅಣ್ಣನಿಂದ ತಮ್ಮನಿಗೆ ಇಳಿದು ಬಂದ ಮೆತ್ತನೆಯ ಗೊಂಬೆಗಳಿವೆ, ಜಾತ್ರೆಯಲ್ಲಿ ಕೊಂಡ ಮುದ್ರೆಯಿಲ್ಲದವೂ ಇವೆ. ಮೊದಲು ಅವನ್ನು ಚಿಕ್ಕವನ ಬಾಯಿಯಿಂದ ದೂರ ಇಡು, ಅಂಟಂಟಾಗಿರುವುದನ್ನು ಎಸೆದುಬಿಡು ಎಂದು ಹೇಳಿದ್ದೇನೆ.