ಆತ್ಮಹತ್ಯೆಯ ಯತ್ನ ಮತ್ತು ಕಾನೂನು: ರೈತ ಕುಟುಂಬ ತಿಳಿದಿರಬೇಕಾದ ವಿಷಯಗಳು



ಜೀವ ಕಳೆದುಕೊಳ್ಳಲು ಹೊರಟವರನ್ನು ಮನೆಯವರು ಕಂಡು ತಡೆದ ಮೇಲೂ, ಅನೇಕ ಕಡೆಗಳಲ್ಲಿ ಮೊದಲು ನಡೆಯುವ ಕೆಲಸವೆಂದರೆ ವಿಷಯವನ್ನು ಮುಚ್ಚಿಡುವುದು. ಇದಕ್ಕೆ ಮಾನದ ಅಂಜಿಕೆ ಒಂದು ಕಾರಣವಾದರೆ, ಕಾನೂನಿನ ಅಂಜಿಕೆ ಇನ್ನೊಂದು ಕಾರಣ. "ಸರ್ಕಾರಿ ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸಾಗುತ್ತದೆ", "ಬದುಕಿ ಉಳಿದರೆ ಜೈಲಿಗೆ ಹಾಕುತ್ತಾರೆ", "ಹುಚ್ಚಾಸ್ಪತ್ರೆಗೆ ಸೇರಿಸಿದರೆ ಮತ್ತೆ ಹೊರಗೆ ಬಿಡುವುದಿಲ್ಲ" ಎಂಬ ಮೂರು ಮಾತುಗಳು ಹಳ್ಳಿಗಳಲ್ಲಿ ಇಂದಿಗೂ ಕೇಳಿಬರುತ್ತವೆ. ಹೀಗೆ ಅಂಜುತ್ತ ಕುಳಿತ ಒಂದೆರಡು ಗಂಟೆಗಳಲ್ಲಿ ಉಳಿಯಬಹುದಾಗಿದ್ದ ಜೀವವೂ ಹೋಗಬಹುದು. ಈ ಅಂಜಿಕೆಗಳಿಗೆ ಹಿಂದೊಮ್ಮೆ ಆಧಾರವಿತ್ತು, ಈಗ ಇಲ್ಲ. ಕಾನೂನು ಬದಲಾಗಿದೆ. ಆ ಬದಲಾವಣೆ ಏನೆಂಬುದನ್ನು ಪ್ರತಿಯೊಂದು ಕುಟುಂಬವೂ ತಿಳಿದಿರುವುದು ಅವಶ್ಯಕ.

ಹಿಂದೆ ಇದ್ದ ಕಾನೂನು

1860ರ ಭಾರತ ದಂಡ ಸಂಹಿತೆಯ 309ನೆಯ ಕಲಮಿನಂತೆ ಆತ್ಮಹತ್ಯೆಗೆ ಯತ್ನಿಸುವುದು ಅಪರಾಧವಾಗಿತ್ತು. ಒಂದು ವರ್ಷದವರೆಗೆ ಸಾದಾ ಸೆರೆವಾಸ, ಇಲ್ಲವೆ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದಾಗಿತ್ತು. 1994ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಕಲಮು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. 1996ರಲ್ಲಿ ಐವರು ನ್ಯಾಯಾಧೀಶರ ಪೀಠ ಆ ತೀರ್ಪನ್ನು ತಳ್ಳಿಹಾಕಿದ್ದರಿಂದ ಕಲಮು ಮತ್ತೆ ಜಾರಿಗೆ ಬಂತು. ನೊಂದವನನ್ನು ಶಿಕ್ಷಿಸುವುದು ಗಾಯದ ಮೇಲೆ ಬರೆ ಎಳೆದಂತೆ ಎಂಬ ಅಭಿಪ್ರಾಯ ಬಲಗೊಳ್ಳುತ್ತ ಬಂದು, ಈ ಕಲಮನ್ನು ಕೈಬಿಡಬೇಕೆಂದು ಕಾನೂನು ಆಯೋಗವೂ 2008ರಲ್ಲಿ ಶಿಫಾರಸು ಮಾಡಿತು.

ಈಗಿನ ಕಾನೂನು

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಇದರ 115ನೆಯ ಕಲಮಿನಂತೆ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರವಾದ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸತಕ್ಕದ್ದು; ಹಾಗಲ್ಲವೆಂದು ರುಜುವಾತಾಗದ ಹೊರತು 309ನೆಯ ಕಲಮಿನಡಿ ಅವರನ್ನು ವಿಚಾರಣೆಗೆ ಗುರಿಪಡಿಸುವಂತಿಲ್ಲ, ಶಿಕ್ಷಿಸುವಂತಿಲ್ಲ. ಅಷ್ಟೇ ಅಲ್ಲ, ಅಂಥವರಿಗೆ ಆರೈಕೆ, ಚಿಕಿತ್ಸೆ ಹಾಗೂ ಪುನರ್ವಸತಿ ಒದಗಿಸಿ, ಮತ್ತೆ ಹಾಗಾಗದಂತೆ ನೋಡಿಕೊಳ್ಳುವುದು ಸರ್ಕಾರದ ಕರ್ತವ್ಯವೆಂದು ಇದೇ ಕಲಮು ಹೇಳುತ್ತದೆ.

2024ರ ಜುಲೈ 1ರಿಂದ ದಂಡ ಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ಇದರಲ್ಲಿ 309ನೆಯ ಕಲಮಿನಂಥ ಕಲಮೇ ಇಲ್ಲ. ಆದರೆ ಎರಡು ಸಂಗತಿಗಳನ್ನು ನೆನಪಿನಲ್ಲಿಡಬೇಕು. ಒಂದು, ಸರ್ಕಾರಿ ನೌಕರನೊಬ್ಬ ತನ್ನ ಕರ್ತವ್ಯ ಮಾಡದಂತೆ ತಡೆಯಲು ಅಥವಾ ಅವನ ಮೇಲೆ ಒತ್ತಾಯ ಹೇರಲು ಆತ್ಮಹತ್ಯೆಗೆ ಯತ್ನಿಸುವುದು 226ನೆಯ ಕಲಮಿನಂತೆ ಅಪರಾಧ. ಕಚೇರಿಯ ಮುಂದೆ ಇಂಥ ಕೃತ್ಯಕ್ಕೆ ಕೈಹಾಕುವುದರಿಂದ ಜೀವಕ್ಕೂ ಅಪಾಯ, ನ್ಯಾಯವಾದ ಬೇಡಿಕೆಗೂ ಹಾನಿ. ಎರಡು, ಇನ್ನೊಬ್ಬರನ್ನು ಆತ್ಮಹತ್ಯೆಗೆ ಪ್ರಚೋದಿಸುವುದು ಇಂದಿಗೂ ಗಂಭೀರ ಅಪರಾಧ. 108ನೆಯ ಕಲಮಿನಂತೆ 10 ವರ್ಷಗಳವರೆಗೆ ಸೆರೆವಾಸವಾಗಬಹುದು.

ಆಸ್ಪತ್ರೆಗೆ ಒಯ್ದಾಗ

ತಡಮಾಡದೆ 108ಕ್ಕೆ ಫೋನ್ ಮಾಡಿ, ಇಲ್ಲವೆ ಸಿಕ್ಕ ವಾಹನದಲ್ಲಿ ಹತ್ತಿರದ ಆಸ್ಪತ್ರೆಗೆ ಒಯ್ಯಿರಿ. ಉಪ್ಪುನೀರು, ಸಗಣಿನೀರು ಕುಡಿಸಿ ವಾಂತಿ ಮಾಡಿಸಲು ಹೋಗಿ ಹೊತ್ತು ಕಳೆಯಬೇಡಿ. ಹೊಟ್ಟೆಗೆ ಹೋದದ್ದು ಔಷಧಿಯಾಗಿದ್ದರೆ ಅದರ ಡಬ್ಬಿ ಅಥವಾ ಚೀಟಿಯನ್ನು ಜೊತೆಯಲ್ಲಿ ತೆಗೆದುಕೊಂಡು ಹೋಗಿರಿ. ವೈದ್ಯರಿಗೆ ನಿಜ ಸಂಗತಿ ಹೇಳಿರಿ. "ಸಿಂಪರಣೆ ಮಾಡುವಾಗ ತಾಗಿತು" ಎಂದು ಸುಳ್ಳು ಹೇಳಿದರೆ ದೇಹಕ್ಕೆ ಚಿಕಿತ್ಸೆ ಸಿಗಬಹುದು, ಮನಸ್ಸಿಗೆ ಸಿಗುವುದಿಲ್ಲ.

ಆಸ್ಪತ್ರೆಯವರು ಇದನ್ನು ಎಂ.ಎಲ್.ಸಿ. ಎಂದು ಬರೆದುಕೊಂಡು ಠಾಣೆಗೆ ತಿಳಿಸುತ್ತಾರೆ. ಪೊಲೀಸರು ಬಂದು ಹೇಳಿಕೆ ಪಡೆಯಬಹುದು. ಬೇರೆಯವರ ಕೈವಾಡವಿದೆಯೇ ಎಂದು ತಿಳಿಯಲು ಇದು ಬೇಕು. ಎಂ.ಎಲ್.ಸಿ. ಆದ ಮಾತ್ರಕ್ಕೆ ರೋಗಿಯ ಮೇಲೆ ಮೊಕದ್ದಮೆ ಹೂಡಿದಂತಲ್ಲ. ಪೊಲೀಸರು ಬರಲಿ ಎಂದು ಚಿಕಿತ್ಸೆಯನ್ನು ತಡೆಹಿಡಿಯುವಂತೆಯೂ ಇಲ್ಲ. ಜೀವ ಉಳಿಸುವ ಚಿಕಿತ್ಸೆ ಮೊದಲು, ಕಾನೂನಿನ ಕ್ರಮಗಳು ಆಮೇಲೆ ಎಂದು ಸರ್ವೋಚ್ಚ ನ್ಯಾಯಾಲಯ 1989ರಲ್ಲಿಯೇ ಹೇಳಿದೆ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಎಲ್ಲ ವೈದ್ಯರಿಗೂ ಇದು ಅನ್ವಯಿಸುತ್ತದೆ.

ಪೊಲೀಸರು ಹಿಡಿದಿಡಬಹುದೇ?

ಮಾನಸಿಕ ಕಾಯಿಲೆಯಿಂದಾಗಿ ತನಗೆ ಅಥವಾ ಇತರರಿಗೆ ಅಪಾಯ ತಂದುಕೊಳ್ಳುವಂತಿರುವವರನ್ನು ಪೊಲೀಸರು ರಕ್ಷಣೆಗೆ ತೆಗೆದುಕೊಳ್ಳಬಹುದು. ಇದು ದಸ್ತಗಿರಿಯಲ್ಲ. ಹೀಗೆ ಕರೆದೊಯ್ಯಲು ಕಾರಣವೇನೆಂದು ಅವರಿಗೆ ತಿಳಿಸಬೇಕು. 24 ಗಂಟೆಗಳೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು. ಯಾವ ಸಂದರ್ಭದಲ್ಲಿಯೂ ಠಾಣೆಯ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡಕೂಡದು. ಇದು ಕಾಯಿದೆಯ 100ನೆಯ ಕಲಮಿನ ಸ್ಪಷ್ಟ ಮಾತು.

ಒಪ್ಪಿಗೆಯಿಲ್ಲದೆ ಆಸ್ಪತ್ರೆಯಲ್ಲಿಡಬಹುದೇ?

ಆತ್ಮಹತ್ಯೆಗೆ ಯತ್ನಿಸಿದವರೆಲ್ಲರೂ ಮಾನಸಿಕ ರೋಗಿಗಳಲ್ಲ. ಹೆಚ್ಚಿನವರಿಗೆ ಸಮಾಲೋಚನೆ, ಔಷಧೋಪಚಾರ, ಮನೆಯವರ ಆಸರೆ ಸಾಕಾಗಬಹುದು. ತಾವಾಗಿಯೇ ಬಂದು ದಾಖಲಾದ ವಯಸ್ಕರು ಹೊರಡುತ್ತೇನೆಂದರೆ ಕಳುಹಿಸಿಕೊಡಬೇಕು. ಅಪಾಯ ಕಂಡುಬಂದಲ್ಲಿ ಪರೀಕ್ಷೆಗಾಗಿ 24 ಗಂಟೆಗಳವರೆಗೆ ಮಾತ್ರ ತಡೆಯಬಹುದು. ಕಾಯಿಲೆ ತೀವ್ರವಾಗಿದ್ದು ಸ್ವತಃ ನಿರ್ಧರಿಸುವ ಸ್ಥಿತಿಯಲ್ಲಿಲ್ಲದವರನ್ನು ದಾಖಲು ಮಾಡಿಕೊಳ್ಳಲು ಈ ಕೆಳಗಿನ ಕಟ್ಟುಪಾಡುಗಳಿವೆ:

1. ರೋಗಿಯ ಪ್ರತಿನಿಧಿ ಅರ್ಜಿ ಕೊಡಬೇಕು.

2. ಇಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಿ ಒಪ್ಪಬೇಕು. ಅವರಲ್ಲಿ ಒಬ್ಬರು ಮನೋವೈದ್ಯರಾಗಿರಬೇಕು.

3. ಇತ್ತೀಚೆಗೆ ತನ್ನ ಜೀವಕ್ಕೆ ಹಾನಿ ಮಾಡಿಕೊಳ್ಳಲು ಯತ್ನಿಸಿರಬೇಕು ಅಥವಾ ಹಾಗೆ ಹೆದರಿಸಿರಬೇಕು. ಇತರರ ಮೇಲೆ ಬೀಳುವಂತಿರಬೇಕು. ಇಲ್ಲವೆ ತನ್ನನ್ನು ತಾನು ನೋಡಿಕೊಳ್ಳಲಾರದೆ ಅಪಾಯದಲ್ಲಿರಬೇಕು. ಬೇರೆ ಸುಲಭ ಮಾರ್ಗ ಇಲ್ಲದಿದ್ದಾಗ ಮಾತ್ರ ಇದನ್ನು ಬಳಸಬೇಕು.

4. ಅವಧಿ ಗರಿಷ್ಠ 30 ದಿನ. ಮಾನಸಿಕ ಆರೋಗ್ಯ ಪುನರ್ವಿಲೋಕನ ಮಂಡಳಿಗೆ 7 ದಿನಗಳಲ್ಲಿ, ರೋಗಿಯು ಹೆಂಗಸು ಅಥವಾ ಅಪ್ರಾಪ್ತ ವಯಸ್ಕರಾಗಿದ್ದರೆ 3 ದಿನಗಳಲ್ಲಿ ತಿಳಿಸಬೇಕು.

5. 30 ದಿನಗಳ ಮೇಲೆ ಇಟ್ಟುಕೊಳ್ಳಬೇಕಾದರೆ ಇಬ್ಬರು ಮನೋವೈದ್ಯರ ಪರೀಕ್ಷೆ ಹಾಗೂ ಮಂಡಳಿಯ ಅನುಮತಿ ಬೇಕು.

ದಾಖಲಾತಿ ಸರಿಯಲ್ಲವೆನಿಸಿದರೆ ರೋಗಿಯಾಗಲಿ ಪ್ರತಿನಿಧಿಯಾಗಲಿ ಮಂಡಳಿಗೆ ಅರ್ಜಿ ಸಲ್ಲಿಸಬಹುದು. ಇದಕ್ಕೆ ಉಚಿತ ಕಾನೂನು ನೆರವು ಪಡೆಯುವ ಹಕ್ಕೂ ಇದೆ. ಸರಪಳಿ ಬಿಗಿಯುವುದು, ಒಂಟಿ ಕೋಣೆಯಲ್ಲಿ ಕೂಡಿಹಾಕುವುದು ನಿಷಿದ್ಧ. 2001ರಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿಹಾಕಿದ್ದ ಇಪ್ಪತ್ತಕ್ಕೂ ಹೆಚ್ಚು ರೋಗಿಗಳು ತಪ್ಪಿಸಿಕೊಳ್ಳಲಾಗದೆ ಸತ್ತರು. ಮನೆಯಲ್ಲಿ, ಕೊಟ್ಟಿಗೆಯಲ್ಲಿ ಕಟ್ಟಿಹಾಕುವುದೂ ಅಷ್ಟೇ ತಪ್ಪು.

ಪ್ರತಿನಿಧಿಯನ್ನು ಹೆಸರಿಸುವ ಬಗೆ

ತನಗೆ ಮಾನಸಿಕ ಕಾಯಿಲೆ ಬಂದಾಗ ತನ್ನ ಪರವಾಗಿ ಯಾರು ಮಾತನಾಡಬೇಕೆಂದು ಯಾವುದೇ ವಯಸ್ಕ ವ್ಯಕ್ತಿ ಮೊದಲೇ ಬರೆದಿಡಬಹುದು. ಇದಕ್ಕೆ ಛಾಪಾ ಕಾಗದ ಬೇಡ. ಬಿಳಿ ಹಾಳೆಯ ಮೇಲೆ ಬರೆದು ಸಹಿ ಅಥವಾ ಹೆಬ್ಬೆರಳಿನ ಗುರುತು ಹಾಕಿದರೆ ಸಾಕು. ನಂಬಿಕೆಯ ಸ್ನೇಹಿತರನ್ನೂ ಹೆಸರಿಸಬಹುದು. ಬರೆದಿಡದಿದ್ದಲ್ಲಿ ಸಾಮಾನ್ಯವಾಗಿ ಸಂಬಂಧಿಕರು ಆ ಜವಾಬ್ದಾರಿ ಹೊರುತ್ತಾರೆ.

ಆಸ್ಪತ್ರೆಗೆ ಸೇರಿದರೆ ಜಮೀನು ಕೈತಪ್ಪೀತೆಂಬ ಭಯವೂ ಕೆಲವರಿಗಿದೆ. ಮಾನಸಿಕ ಕಾಯಿಲೆ ಇದೆಯೆಂದ ಮಾತ್ರಕ್ಕೆ ಯಾರನ್ನೂ ಬುದ್ಧಿ ಸ್ವಾಧೀನದಲ್ಲಿಲ್ಲದವರೆಂದು ಪರಿಗಣಿಸುವಂತಿಲ್ಲ. ಅದನ್ನು ಸಕ್ಷಮ ನ್ಯಾಯಾಲಯವೇ ಘೋಷಿಸಬೇಕು. ಆದ್ದರಿಂದ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಬಂದವನ ಪಹಣಿಗೂ ಸಹಿಗೂ ಅದರಿಂದ ಕುಂದಿಲ್ಲ.

ಮನೆಯವರು ಮಾಡಬೇಕಾದದ್ದು

1. "ನಾನಿಲ್ಲದಿದ್ದರೆ ನಿಮಗೇ ಒಳ್ಳೆಯದು" ಎಂಬಂಥ ಮಾತು, ನಿದ್ದೆ ಊಟ ಬಿಡುವುದು, ಎಲ್ಲರಿಂದ ದೂರ ಸರಿಯುವುದು, ಕುಡಿತ ಹೆಚ್ಚುವುದು ಕಂಡರೆ ಹಗುರವಾಗಿ ಭಾವಿಸಬೇಡಿ.

2. "ಸಾಯುವ ಯೋಚನೆ ಬರುತ್ತಿದೆಯೇ?" ಎಂದು ನೇರವಾಗಿ, ಮೃದುವಾಗಿ ಕೇಳಿರಿ. ಕೇಳಿದ್ದರಿಂದ ಯೋಚನೆ ಹುಟ್ಟುವುದಿಲ್ಲ, ಮನಸ್ಸು ಹಗುರಾಗುತ್ತದೆ.

3. ಬೆಳೆಗೆ ಸಿಂಪಡಿಸುವ ಔಷಧಿಗಳನ್ನು ಮಲಗುವ ಮನೆಯಲ್ಲಿಡದೆ, ಬೀಗ ಹಾಕಿ ಇಡಿರಿ. ಬೀಗದ ಕೈ ಇನ್ನೊಬ್ಬರ ಬಳಿ ಇರಲಿ. ಬೇಕಾದಷ್ಟೇ ಕೊಳ್ಳಿರಿ. ಆ ಕೆಟ್ಟ ಗಳಿಗೆ ಬಹಳ ಹೊತ್ತು ಇರುವುದಿಲ್ಲ. ಅದನ್ನು ದಾಟಿಸಿದರೆ ಜೀವ ಉಳಿಯುತ್ತದೆ.

4. ಅಪಾಯವಿದ್ದಾಗ ಒಬ್ಬರನ್ನೇ ಬಿಡಬೇಡಿ.

5. 14416ಕ್ಕೆ ಫೋನ್ ಮಾಡಿರಿ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಟೆಲಿ-ಮಾನಸ್ ಸೇವೆ ಹಗಲೂ ರಾತ್ರಿ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು.

6. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಮೊದಲ ಕೆಲವು ವಾರಗಳು ಬಹು ಮುಖ್ಯ. ಹೇಳಿದ ದಿನ ತಪ್ಪದೆ ವೈದ್ಯರಿಗೆ ತೋರಿಸಿರಿ. ಹಂಗಿಸಿ ಮಾತನಾಡಬೇಡಿ.

ಮನಸ್ಸಿನ ಕಾಯಿಲೆಗೆ ಬೆಂಗಳೂರಿಗೇ ಹೋಗಬೇಕಾದ ಕಾಲವೂ ಹೋಗಿದೆ. ಹಳ್ಳಿಯ ಸಮೀಪದಲ್ಲಿಯೇ ಈ ಚಿಕಿತ್ಸೆ ಕೊಡಲು ಸಾಧ್ಯವೆಂದು ನಿಮ್ಹಾನ್ಸ್ ಸಂಸ್ಥೆ 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿಕೊಟ್ಟಿತು. ಅದೇ ಮಾದರಿಯ ಮೇಲೆ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯಾಗಲಿ ಜಿಲ್ಲಾ ಆಸ್ಪತ್ರೆಯಲ್ಲಿಯಾಗಲಿ ವಿಚಾರಿಸಿರಿ.

ಬೆಳೆ ಹೋದರೆ ಮುಂದಿನ ಹಂಗಾಮಿನಲ್ಲಿ ಮತ್ತೆ ಬಿತ್ತಬಹುದು, ಸಾಲಕ್ಕೆ ಕಂತು ಹಾಕಿಸಿಕೊಳ್ಳಬಹುದು. ಹೋದ ಜೀವ ಮರಳದು. ಈಗ ಕಾನೂನು ನಿಮ್ಮ ಕಡೆಗಿದೆ. ಆದುದರಿಂದ ಅಂಜದೆ, ಮುಚ್ಚಿಡದೆ, ಹೊತ್ತು ಮೀರುವ ಮೊದಲೇ ನೆರವು ಪಡೆಯಿರಿ. ಈ ಲೇಖನವನ್ನು ಓದು ಬಾರದ ನೆರೆಯವರಿಗೂ ಓದಿ ಹೇಳಿರಿ.